ಗಾಲಿಯ ಮೇಲೊಂದು ಒಲೆ

ಅಧ್ಯಾಪಕನಾದವನಿಗೆ ಒಂದು ಕೆಟ್ಟ ಚಾಳಿಯುಂಟು. ಯಾರು ಯಾವ ವಿಷಯವನ್ನು ಕೇಳಿದರೂ ಸಲಹೆ ಕೊಡದೆ ಅವನಿಂದ ಇರಲಾಗದು. ತರಗತಿಯಲ್ಲಿ ಮುಕ್ಕಾಲು ಗಂಟೆಯ ಹೊತ್ತು ಯಾರೂ ಎದುರಾಡದೆ ಕುಳಿತು ಕೇಳುವುದರಿಂದ, ಹೊರಗಣ ಲೋಕದಲ್ಲಿಯೂ ತನ್ನ ಮಾತು ಹಾಗೆಯೇ ನಡೆಯುತ್ತದೆಂದು ಅವನು ನಂಬಿಬಿಡುತ್ತಾನೆ. ೨೦೧೮ರ ಮಳೆಗಾಲದಲ್ಲಿ ನಾನು ಕೊಟ್ಟ ಅಂಥದೊಂದು ಸಲಹೆಯಿಂದ ನನ್ನ ಹಳೆಯ ವಿದ್ಯಾರ್ಥಿಯೊಬ್ಬನು ಮೂರು ತಿಂಗಳ ಬಡ್ಡಿಯನ್ನು ದಂಡವಾಗಿ ತೆತ್ತನು. ಆ ಋಣದ ಒಂದು ಸಣ್ಣ ಭಾಗವನ್ನು ಈ ಬರಹದಿಂದ ತೀರಿಸುತ್ತಿದ್ದೇನೆಂದು ಓದುಗರು ತಿಳಿದರೆ ತಪ್ಪಾಗದು.

ಅವನು ನಮ್ಮ ಕಾಲೇಜಿನಲ್ಲಿ ಐಚ್ಛಿಕ ಕನ್ನಡ ತೆಗೆದುಕೊಂಡು ಬಿ.ಎ. ಮುಗಿಸಿದವನು. ಕೆಲಸವನ್ನರಸಿ ಬೆಂಗಳೂರಿಗೆ ಹೋಗಿ, ಹೋಟೆಲೊಂದರ ಅಡಿಗೆಮನೆಯಲ್ಲಿ ಆರು ವರ್ಷ ದುಡಿದು, ತಂದೆಗೆ ಮೈಯಲ್ಲಿ ನೆಟ್ಟಗಿಲ್ಲವೆಂದು ಊರಿಗೆ ಮರಳಿದ. ತಂದೆ ಬಸ್ ನಿಲ್ದಾಣದ ಎದುರು ತಳ್ಳುವ ಗಾಡಿಯಲ್ಲಿ ಹುರಿದ ಕಡಲೆಕಾಯಿ ಮಾರುವವನು. ಮೂವತ್ತು ವರ್ಷದಿಂದ ಅದೇ ಜಾಗ, ಅದೇ ಬಾಣಲೆ. ಮಗನಿಗೆ ಬೇರೊಂದು ಯೋಜನೆ ಇತ್ತು. ಸರಕು ಸಾಗಿಸುವ ಒಂದು ಸಣ್ಣ ಮೋಟಾರು ಗಾಡಿಯನ್ನು ಕೊಂಡು, ಅದರಲ್ಲಿಯೇ ಒಲೆ ಹೂಡಿ, ಕಾಲೇಜು ಬಿಡುವ ಹೊತ್ತಿಗೆ ಬಿಸಿಬಿಸಿಯಾಗಿ ಅಕ್ಕಿರೊಟ್ಟಿ, ಹುಚ್ಚೆಳ್ಳು ಚಟ್ನಿ, ರಾತ್ರಿಗೆ ಮುದ್ದೆ ಬಸ್ಸಾರು ಒದಗಿಸಬೇಕೆಂಬುದು. ತಾಯಿಯ ಎರಡು ಬಳೆ ಅಡವಿಗೆ ಹೋಯಿತು. ಸಹಕಾರಿ ಸಂಘದ ಸಾಲ ಬಂತು. ಒಬ್ಬರು ಓಡಿಸಿ ಬಿಟ್ಟ ಗಾಡಿಯೊಂದು ಅವರ ಮನೆಯ ಮುಂದೆ ಬಂದು ನಿಂತಿತು.

ಒಂದು ಸಂಜೆ ನನ್ನ ಮನೆಗೆ ಬಂದು, “ಸಾರ್, ಬೇಕಾದ ಕಾಗದವನ್ನೆಲ್ಲ ಮಾಡಿಸಿಕೊಂಡೇ ಒಲೆ ಹೊತ್ತಿಸಬೇಕೆಂದಿದ್ದೇನೆ. ಮೊದಲು ಯಾವುದು, ಆಮೇಲೆ ಯಾವುದು ಎಂದು ತಿಳಿಯುತ್ತಿಲ್ಲ” ಎಂದ.

ನಾನು ನಕ್ಕೆ. “ನಿನ್ನ ತಂದೆ ಮೂವತ್ತು ವರ್ಷ ಯಾವ ಕಾಗದ ಇಟ್ಟುಕೊಂಡು ಕಡಲೆಕಾಯಿ ಮಾರಿದ?” ಎಂದು ಕೇಳಿದೆ.

ಅವನು ನಗಲಿಲ್ಲ. ತಾನು ಐದನೆಯ ತರಗತಿಯಲ್ಲಿದ್ದಾಗ ನಡೆದ ಒಂದು ಸಂಗತಿಯನ್ನು ಹೇಳಿದ. ಶಾಲೆ ಬಿಟ್ಟ ಮೇಲೆ ಅವನು ಗಾಡಿಯ ಬಳಿ ಕುಳಿತು ಕಾಗದದ ಪೊಟ್ಟಣ ಕಟ್ಟುತ್ತಿದ್ದನಂತೆ. ಪುರಸಭೆಯ ಲಾರಿ ಬಂತೆಂದು ಯಾರೋ ಕೂಗಿದರು. ತಂದೆ ಗಾಡಿಯನ್ನು ತಳ್ಳಿಕೊಂಡು ಓಡಿದ. ಇವನು ತಕ್ಕಡಿಯನ್ನು ಎದೆಗವುಚಿಕೊಂಡು ಹಿಂದೆ ಓಡಿದ. ತಿರುವಿನಲ್ಲಿ ಗಾಲಿ ಚರಂಡಿಗೆ ಇಳಿದು ಗಾಡಿ ಮಗುಚಿತು. ಕಡಲೆಕಾಯಿ ಕೊಚ್ಚೆಯ ಪಾಲಾಯಿತು, ಕೆಂಡ ತಂದೆಯ ಮುಂಗಾಲಿನ ಮೇಲೆ ಬಿತ್ತು. “ನಾನು ಓಡಬಾರದು ಸಾರ್, ಅಷ್ಟೇ” ಎಂದ.

ಇಷ್ಟನ್ನು ಕೇಳಿದ ಮೇಲಾದರೂ ನಾನು ಸುಮ್ಮನಿರಬಹುದಾಗಿತ್ತು. ಇರಲಿಲ್ಲ. “ಕಚೇರಿಯವರಿಗೆ ಮಾತಿನಲ್ಲಿ ಹೇಳಿದರೆ ಏನೂ ಕಾಣುವುದಿಲ್ಲ. ಮೊದಲು ಗಾಡಿಯ ಮೇಲೆ ಅಡಿಗೆಮನೆಯನ್ನು ಕಟ್ಟಿಸಿಬಿಡು. ಕಣ್ಣೆದುರು ನಿಂತದ್ದಕ್ಕೆ ಬೇಡವೆನ್ನುವವರು ಕಡಿಮೆ” ಎಂದು ಬಿಟ್ಟೆ. ಕಾಗದವನ್ನು ಬರೆದುಕೊಡುವ ಭಾರವನ್ನೂ ನಾನೇ ಹೊತ್ತೆ.

ನಾವು ಈಗ ದಿನನಿತ್ಯ ಬಳಸುವ ‘ಪರವಾನಗಿ’ ಎಂಬ ಮಾತು ಪಾರಸಿಯಿಂದ ಬಂದದ್ದು. ಪರವಾನೆ ಎಂದರೆ ಆಜ್ಞಾಪತ್ರ. ‘ರಹದಾರಿ’ಯೂ ಅಲ್ಲಿಂದಲೇ ಬಂದದ್ದು, ಅದರಲ್ಲಿ ‘ರಾಹ್’ ಎಂಬ ದಾರಿ ಅಡಗಿದೆ. ಮಾತು ಹೊರಗಿನದಾದರೂ ವಸ್ತು ಹೊರಗಿನದಲ್ಲ. ಕಲ್ಯಾಣದ ಚಾಳುಕ್ಯರ ಶಾಸನಗಳನ್ನು ಓದಿದವರಿಗೆ ಪೆರ್ಜುಂಕ, ವಡ್ಡರಾವುಳ, ಬಿಲ್ಕೊಡೆ ಎಂಬ ಸುಂಕಗಳ ಹೆಸರು ಅಪರಿಚಿತವಲ್ಲ. ಎಲೆಯ ಹೇರಿಗೆ ಇಷ್ಟು, ಅಡಕೆಯ ಹೇರಿಗೆ ಇಷ್ಟು ಎಂದು ಕಲ್ಲಿನ ಮೇಲೆ ಕೊರೆದಿದ್ದಾರೆ. ಅರ್ಥಶಾಸ್ತ್ರದಲ್ಲಿ ಬೇಯಿಸಿದ ಅನ್ನವನ್ನು ಮಾರುವವನಿಗೆ ಔದನಿಕನೆಂಬ ಹೆಸರಿದೆ. ಸುಂಕದ ಕಟ್ಟೆಯ ಕಾಯಕದಲ್ಲಿದ್ದುಕೊಂಡೇ ವಚನಕಾರನಾದ ಸುಂಕದ ಬಂಕಣ್ಣನೂ ನಮ್ಮವನೇ. ಬೀದಿಯಲ್ಲಿ ಅನ್ನ ಮಾರುವವನೂ ಅವನನ್ನು ತಡೆದು ‘ನಿಲ್ಲು’ ಎನ್ನುವವನೂ ಈ ನಾಡಿನಲ್ಲಿ ಒಟ್ಟಿಗೇ ಬಾಳಿದವರು.

ಗಾಡಿಯ ಮೇಲಣ ಅಡಿಗೆಮನೆಯೂ ಹೊಸದೇನಲ್ಲ. ಅಮೆರಿಕದ ಪ್ರಾವಿಡೆನ್ಸ್ ನಗರದಲ್ಲಿ ೧೮೭೨ರಲ್ಲಿ ವಾಲ್ಟರ್ ಸ್ಕಾಟ್ ಎಂಬಾತನು (ಕಾದಂಬರಿಕಾರ ಸ್ಕಾಟ್ ಅಲ್ಲ) ಕುದುರೆ ಗಾಡಿಯೊಂದರಲ್ಲಿ ತಿಂಡಿಯನ್ನಿಟ್ಟುಕೊಂಡು ಪತ್ರಿಕಾ ಕಚೇರಿಯ ಎದುರು ನಿಂತು, ರಾತ್ರಿಯ ಪಾಳಿಯವರಿಗೆ ಮಾರುತ್ತಿದ್ದನಂತೆ. ಭಾನುವಾರದ ಈ ಪುಟವನ್ನು ರಾತ್ರಿ ಕುಳಿತು ಅಣಿಗೊಳಿಸುವವರು ಆ ಪುಣ್ಯಾತ್ಮನನ್ನು ನೆನೆಯಬೇಕಾದ್ದು ನ್ಯಾಯ. ೨೦೦೮ರಲ್ಲಿ ಲಾಸ್ ಏಂಜಲೀಸಿನ ಒಂದು ಗಾಡಿ ಕೊರಿಯದ ಮಾಂಸವನ್ನು ಮೆಕ್ಸಿಕೋದ ರೊಟ್ಟಿಯಲ್ಲಿ ಸುತ್ತಿ ಕೊಟ್ಟು ಹೆಸರಾದ ಮೇಲೆ ಈ ಉದ್ಯೋಗಕ್ಕೆ ಲೋಕದ ತುಂಬ ಒಂದು ಹೊಸ ಠೀವಿ ಬಂತು. ಅದಂತಿರಲಿ; ನಮ್ಮ ಊರಿನ ಕಥೆಗೆ ಬರೋಣ.

ಮೊದಲನೆಯದು ಆಹಾರದ ಕಾಗದ. ೨೦೦೬ರ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯಿದೆ, ಅದರ ಕೆಳಗೆ ೨೦೧೧ರಲ್ಲಿ ಬಂದ ನಿಯಮಾವಳಿ, ಇವೆರಡೂ ಕಡಲೆಕಾಯಿ ಮಾರುವವನಿಂದ ಹಿಡಿದು ಕಾರ್ಖಾನೆಯವನ ತನಕ ಎಲ್ಲರಿಗೂ ಅನ್ವಯಿಸುತ್ತವೆ. ನಾನು ಹೇಳುತ್ತಿರುವ ಕಾಲದಲ್ಲಿ ವರ್ಷಕ್ಕೆ ೧೨ ಲಕ್ಷ ರೂಪಾಯಿಯೊಳಗೆ ವಹಿವಾಟುಳ್ಳ ಚಿಕ್ಕ ವ್ಯಾಪಾರಿಗೆ ಪರವಾನಗಿ ಬೇಕಿರಲಿಲ್ಲ, ನೋಂದಣಿ ಸಾಕಾಗಿತ್ತು. ಅದಕ್ಕೆ ಶುಲ್ಕ ವರ್ಷಕ್ಕೆ ೧೦೦ ರೂಪಾಯಿ. ಬೇಕಾದವರು ಐದು ವರ್ಷಕ್ಕೆ ಒಮ್ಮೆಗೇ ತುಂಬಬಹುದಾಗಿತ್ತು. ಅರ್ಜಿ ತಲಪಿದ ಏಳು ದಿನದೊಳಗೆ ನೋಂದಣಿ ಕೊಡಬೇಕು, ಇಲ್ಲವೆ ಕಾರಣ ಬರೆದು ತಿರಸ್ಕರಿಸಬೇಕು, ಇಲ್ಲವೆ ತಪಾಸಣೆಗೆ ಬರುವುದಾಗಿ ತಿಳಿಸಬೇಕು; ಮೂರರಲ್ಲಿ ಒಂದನ್ನೂ ಮಾಡದಿದ್ದರೆ ವ್ಯಾಪಾರವನ್ನು ಪ್ರಾರಂಭಿಸಬಹುದು ಎಂದು ನಿಯಮವೇ ಹೇಳಿತ್ತು. ಅರ್ಜಿದಾರನನ್ನು ಕಾಯಿಸಿದರೆ ನಷ್ಟ ಕಚೇರಿಯದಲ್ಲ, ಅವನದೆಂದು ಅರಿತವರು ಬರೆದ ನಿಯಮ ಅದು. ಓದಿ ನನಗೆ ಸಂತೋಷವಾಯಿತು.

ಅರ್ಜಿಯಲ್ಲಿ ‘ವ್ಯಾಪಾರದ ಸ್ವರೂಪ’ ಎಂಬ ಅಂಕಣವಿತ್ತು. ಎಂ.ಎ. ಓದಿದ ನಾನು ಅಲ್ಲಿ ‘ಸಂಚಾರಿ ಪಾಕಶಾಲೆ’ ಎಂದು ದಪ್ಪ ಅಕ್ಷರದಲ್ಲಿ ಬರೆದುಕೊಟ್ಟೆ. ಅರ್ಜಿಯನ್ನು ನೋಡಿದ ಗುಮಾಸ್ತರು, “ಇದು ಪಾಠಶಾಲೆಯೋ?” ಎಂದು ಕೇಳಿದರಂತೆ. ಹುಡುಗನು ಅದನ್ನು ಹೊಡೆದು ‘ತಿಂಡಿ ಗಾಡಿ’ ಎಂದು ಬರೆದ. ನಾಲ್ಕನೆಯ ದಿನಕ್ಕೆ ಹದಿನಾಲ್ಕು ಅಂಕಿಗಳ ನೋಂದಣಿ ಸಂಖ್ಯೆ ಬಂತು.

ಆ ಕಾಗದದ ಬೆನ್ನಿಗೆ ಕಟ್ಟುಪಾಡುಗಳ ಒಂದು ಪಟ್ಟಿಯಿದೆ. ಕುಡಿಯಲು ಯೋಗ್ಯವಾದ ನೀರನ್ನೇ ಅಡಿಗೆಗೂ ತೊಳೆಯುವುದಕ್ಕೂ ಬಳಸಬೇಕು; ಕಸದ ಡಬ್ಬಿಗೆ ಮುಚ್ಚಳವಿರಬೇಕು; ಅಡಿಗೆಯವನಿಗೆ ಅಂಟುರೋಗವಿರಬಾರದು, ಉಗುರು ಬೆಳೆದಿರಬಾರದು. ೨೦೧೮ರ ಜುಲೈ ೧ರಿಂದ ಕರಿದ ಎಣ್ಣೆಗೂ ಒಂದು ಮೇರೆ ಬಂತು. ಮತ್ತೆ ಮತ್ತೆ ಕಾಯಿಸಿದ ಎಣ್ಣೆಯಲ್ಲಿ ಹುಟ್ಟುವ ಕೆಡುಕಿನ ಅಂಶಗಳು ನೂರಕ್ಕೆ ೨೫ನ್ನು ಮೀರಿದರೆ ಆ ಎಣ್ಣೆಯನ್ನು ಬಳಸುವಂತಿಲ್ಲ. ಅನಿಲದ ವಿಷಯದಲ್ಲಿಯೂ ಅಷ್ಟೆ: ಮನೆಯ ೧೪.೨ ಕಿಲೋಗ್ರಾಮಿನ ಸಿಲಿಂಡರನ್ನು ವ್ಯಾಪಾರದ ಒಲೆಗೆ ಹಚ್ಚಿದರೆ ಅಪರಾಧ. ಅದಕ್ಕೆಂದೇ ಇರುವ ೧೯ ಕಿಲೋಗ್ರಾಮಿನದನ್ನು ತರಬೇಕು. ಇವನ್ನೆಲ್ಲ ಓದಿ ಹೇಳಿದಾಗ ಹುಡುಗನ ತಾಯಿ, “ಇದರಲ್ಲಿ ಹೊಸದೇನಿದೆ? ನಮ್ಮತ್ತೆ ಹೇಳಿದ್ದೂ ಇದೇ” ಎಂದಳು.

ಅಷ್ಟರಲ್ಲಿ ಗಾಡಿಯ ಮೇಲೆ ಅಡಿಗೆಮನೆ ಎದ್ದಿತ್ತು. ಬೆಸುಗೆ ಕೆಲಸದವನು ಉತ್ಸಾಹಿ. ತೆರೆದ ಗಾಡಿಗೆ ತಗಡಿನ ಗೋಡೆ, ಮಾಡು, ಪಕ್ಕದಲ್ಲಿ ಮೇಲಕ್ಕೆತ್ತಿ ನಿಲ್ಲಿಸುವ ಕಿಟಕಿ, ಹಿಂದೆ ನೀರಿನ ಪೀಪಾಯಿಯನ್ನಿಡಲು ಒಂದು ಮೊಳ ಚಾಚಿದ ಕಬ್ಬಿಣದ ಜಗಲಿ, ಇಷ್ಟನ್ನೂ ಮಾಡಿಕೊಟ್ಟಿದ್ದ. ಕೆಂಪು ಬಣ್ಣದ ಮೇಲೆ ಬಿಳಿಯ ಅಕ್ಷರಗಳು. ನಾನು ನೋಡಿ ಮೆಚ್ಚಿ ಬಂದೆ.

ಗಾಡಿಯ ಅರ್ಹತಾಪತ್ರದ ಅವಧಿ ಮುಗಿಯುತ್ತ ಬಂದಿತ್ತು. ಸಾಗಣೆಯ ವಾಹನಕ್ಕೆ ಆ ಪತ್ರವಿಲ್ಲದಿದ್ದರೆ ನೋಂದಣಿಯೇ ಊರ್ಜಿತವಲ್ಲ. ಗಾಡಿಯ ಒಟ್ಟು ತೂಕ ೩,೦೦೦ ಕಿಲೋಗ್ರಾಮಿಗೆ ಮೀರದಿದ್ದರೆ ಸರಕು ವಾಹನದ ಪರ್ಮಿಟ್ಟು ಬೇಡವೆಂದು ೧೯೮೮ರ ಮೋಟಾರು ವಾಹನ ಕಾಯಿದೆಯಲ್ಲಿ ವಿನಾಯಿತಿ ಉಂಟು. ಆ ಒಂದು ಕಲಮನ್ನು ಓದಿಕೊಂಡು ನಾನು ಧೈರ್ಯದಿಂದ ಅವನ ಜೊತೆಗೆ ಸಾರಿಗೆ ಕಚೇರಿಗೆ ಹೋದೆ. ಆದರೆ ಅದೇ ಕಾಯಿದೆಯ ಐವತ್ತೆರಡನೆಯ ಕಲಮನ್ನು ನಾನು ಓದಿರಲಿಲ್ಲ. ನೋಂದಣಿ ಪುಸ್ತಕದಲ್ಲಿ ಬರೆದ ರೂಪಕ್ಕೂ ವಾಹನದ ಈಗಿನ ರೂಪಕ್ಕೂ ಅಂತರ ಬರುವಂತೆ ಮಾಲಿಕನು ತನ್ನಿಚ್ಛೆಯಂತೆ ಮಾರ್ಪಾಟು ಮಾಡಕೂಡದೆಂಬುದು ಅದರ ತಾತ್ಪರ್ಯ.

ಅಲ್ಲಿದ್ದ ಅಧಿಕಾರಿ ಒರಟರಲ್ಲ. ಗಾಡಿಯನ್ನು ಒಂದು ಸುತ್ತು ನೋಡಿ ಬಂದು, “ಪುಸ್ತಕದಲ್ಲಿ ತೆರೆದ ಸರಕು ಗಾಡಿ ಎಂದಿದೆ, ಎದುರಿಗೆ ಮನೆ ನಿಂತಿದೆ. ತೂಕ ಬೇರೆ, ಉದ್ದ ಬೇರೆ. ಇದು ಯಾರಿಗಾದರೂ ತಾಕಿದರೆ ವಿಮೆಯವರು ‘ಇದು ನಾವು ವಿಮೆ ಮಾಡಿದ ಗಾಡಿಯೇ ಅಲ್ಲ’ ಎಂದು ತಕರಾರು ತೆಗೆಯುವರು. ಕಟ್ಟುವ ಮೊದಲು ನಕ್ಷೆ ತಂದು ತೋರಿಸಿದ್ದರೆ ನಾನೇ ಹೇಳುತ್ತಿದ್ದೆ. ಮೊದಲು ಕಟ್ಟಿಬಿಡಿ ಎಂದು ನಿಮಗೆ ಹೇಳಿದವರು ಯಾರು?” ಎಂದು ಕೇಳಿದರು.

ಹುಡುಗ ನನ್ನ ಕಡೆ ನೋಡಲಿಲ್ಲ. “ನನಗೆ ತಿಳಿಯಲಿಲ್ಲ ಸಾರ್” ಎಂದ. ನಾನು ಗೋಡೆಯ ಮೇಲಿನ ಕ್ಯಾಲೆಂಡರನ್ನು ನೋಡುತ್ತ ನಿಂತಿದ್ದೆ. ಆಗಸ್ಟ್ ತಿಂಗಳು. ಹಾಗೆ ಹೇಳಿದವನು ನಾನೆಂದು ಅಲ್ಲಿಯೂ ಹೇಳಲಿಲ್ಲ, ಹಿಂದಿರುಗುವ ದಾರಿಯಲ್ಲಿಯೂ ಹೇಳಲಿಲ್ಲ. ತರಗತಿಯಲ್ಲಿ ಪ್ರತಿವರ್ಷವೂ ಹರಿಶ್ಚಂದ್ರನ ಸತ್ಯನಿಷ್ಠೆಯನ್ನು ಕಂಠ ತುಂಬಿ ಬಣ್ಣಿಸುವ ನಾನು ಅಂದು ಒಂದು ಸಣ್ಣ ಸತ್ಯವನ್ನು ನುಡಿಯಲಾರದೆ ಹೋದೆ.

ಹಿಂದಿನ ಜಗಲಿಯನ್ನು ಕೊಯ್ದು ತೆಗೆಯಬೇಕಾಯಿತು. ನೀರಿನ ಪೀಪಾಯಿ ಒಳಗೆ ಬಂತು. ಅದಕ್ಕೆ ಎಡೆ ಮಾಡಲು ಒಂದು ಒಲೆ ಹೊರಗೆ ಹೋಯಿತು. ನಕ್ಷೆ, ತೂಕದ ಚೀಟಿ, ಹೊಸ ಅರ್ಜಿ, ಸಾಲ ಕೊಟ್ಟ ಸಂಘದ ಒಪ್ಪಿಗೆ ಪತ್ರ. ಒಂದೊಂದಕ್ಕೂ ವಾರಗಟ್ಟಲೆ ಹಿಡಿಯಿತು. ಆ ಮೂರು ತಿಂಗಳೂ ಕೆಂಪು ಗಾಡಿ ಅವರ ಮನೆಯ ಮುಂದೆ ನಿಂತೇ ಇತ್ತು. ಕಂತಿನ ದಿನ ಮಾತ್ರ ತಪ್ಪದೆ ಬರುತ್ತಿತ್ತು. ನಾನು ಬೇರೆ ಬೀದಿಯಿಂದ ಕಾಲೇಜಿಗೆ ಹೋಗತೊಡಗಿದೆ.

ಇನ್ನು ನಿಲ್ಲುವ ಜಾಗದ ಪ್ರಶ್ನೆ. ಎಲ್ಲಕ್ಕಿಂತ ಜಟಿಲವಾದದ್ದು ಇದೇ. ನಗರಸಭೆಯಲ್ಲಿ, “ಇದು ಮೋಟಾರು ವಾಹನ, ಸಾರಿಗೆ ಕಚೇರಿಗೆ ಹೋಗಿ” ಎಂದರು. ಸಾರಿಗೆ ಕಚೇರಿಯಲ್ಲಿ, “ಓಡಲು ಅನುಮತಿ ನಾವು ಕೊಡುತ್ತೇವೆ, ನಿಂತು ಮಾರಲು ನಗರಸಭೆಯವರನ್ನು ಕೇಳಿ” ಎಂದರು. ಇಬ್ಬರ ಮಾತೂ ಸುಳ್ಳಲ್ಲ. ಓಡುವಾಗ ಅದು ವಾಹನ, ನಿಂತಾಗ ಹೋಟೆಲು.

ಈ ತೊಡಕಿನಲ್ಲಿಯೇ ನಾನು ೨೦೧೪ರ ಬೀದಿ ವ್ಯಾಪಾರಿಗಳ ಜೀವನೋಪಾಯ ಸಂರಕ್ಷಣೆಯ ಕಾಯಿದೆಯನ್ನು ಮೊದಲ ಬಾರಿಗೆ ಪೂರ್ತಿಯಾಗಿ ಓದಿದೆ. ಸಾಹಿತ್ಯದ ವಿದ್ಯಾರ್ಥಿಗಳೂ ಓದಬೇಕಾದ ಬರಹವದು. ಬೀದಿಯಲ್ಲಿ ವ್ಯಾಪಾರ ಮಾಡುವುದು ಸಂವಿಧಾನದ ಹತ್ತೊಂಬತ್ತನೆಯ ವಿಧಿಯ ಆಶ್ರಯಕ್ಕೆ ಸೇರಿದ ಹಕ್ಕು, ಆದರೆ ಅದು ನಿರ್ಬಂಧಕ್ಕೆ ಅತೀತವಲ್ಲ ಎಂದು ಸರ್ವೋಚ್ಚ ನ್ಯಾಯಾಲಯವು ೧೯೮೯ರಲ್ಲಿ ಸೋದನ್ ಸಿಂಗ್ ಪ್ರಕರಣದಲ್ಲಿ ಹೇಳಿತ್ತು. ಆ ಮಾತು ಕಾಯಿದೆಯಾಗಲು ಕಾಲು ಶತಮಾನ ಹಿಡಿಯಿತು. ಪ್ರತಿ ಪಟ್ಟಣದಲ್ಲಿಯೂ ಒಂದು ವ್ಯಾಪಾರ ಸಮಿತಿಯಿರಬೇಕು. ಅದರ ಸದಸ್ಯರಲ್ಲಿ ನೂರಕ್ಕೆ ೪೦ಕ್ಕೆ ಕಡಿಮೆಯಾಗದಷ್ಟು ಮಂದಿ ಬೀದಿ ವ್ಯಾಪಾರಿಗಳೇ ಆಗಿರಬೇಕು. ಅವರಲ್ಲಿ ಮೂರನೆಯ ಒಂದು ಪಾಲು ಹೆಂಗಸರಿರಬೇಕು. ಐದು ವರ್ಷಕ್ಕೊಮ್ಮೆಯಾದರೂ ಸಮೀಕ್ಷೆ ನಡೆಸಬೇಕು. ಸಮೀಕ್ಷೆ ಮುಗಿದು ಪ್ರಮಾಣಪತ್ರ ಕೊಡುವ ತನಕ ಯಾರನ್ನೂ ಒಕ್ಕಲೆಬ್ಬಿಸಕೂಡದು. ಪತ್ರವುಳ್ಳವನನ್ನು ಎಬ್ಬಿಸಬೇಕಾದರೆ ಮೂವತ್ತು ದಿನದ ಮುನ್ಸೂಚನೆ ಬೇಕು. ಸರಕನ್ನು ಹಿಡಿದೊಯ್ದರೆ ಪಟ್ಟಿ ಬರೆದು ಕೊಡಬೇಕು. ಕೆಡುವ ಪದಾರ್ಥವಾದರೆ, ಮಾಲಿಕನು ಬಂದು ಕೇಳಿದ ದಿನವೇ ಹಿಂದಿರುಗಿಸಬೇಕು. ಕಾನೂನಿನ ಒಣ ಭಾಷೆಯಲ್ಲಿ ‘ಕೆಡುವ ಪದಾರ್ಥ’ ಎಂಬ ಆ ಎರಡು ಮಾತನ್ನು ಕಂಡಾಗ ನನಗೆ ಚರಂಡಿಗೆ ಚೆಲ್ಲಿದ ಕಡಲೆಕಾಯಿಯ ನೆನಪಾಯಿತು. ಯಾರೋ ಎಲ್ಲಿಯೋ ಅಂಥದನ್ನು ಕಣ್ಣಾರೆ ನೋಡಿದ್ದಿರಬೇಕು.

ಕಾಯಿದೆ ನಿಂತು ಮಾರುವವನನ್ನೂ ತಿರುಗಿ ಮಾರುವವನನ್ನೂ ಹೆಸರಿಸುತ್ತದೆ. ಎಂಜಿನಿನ ಮೇಲೆ ಒಲೆಯಿಟ್ಟವನ ಮಾತನ್ನು ಬೇರೆಯಾಗಿ ಎತ್ತುವುದಿಲ್ಲ. ನಮ್ಮ ನಗರಸಭೆಯವರು ಆ ಅನುಮಾನವನ್ನು ಹುಡುಗನ ಪರವಾಗಿ ಬಗೆಹರಿಸಲು ಸಿದ್ಧರಿರಲಿಲ್ಲ. ಕಡೆಗೆ ದಾರಿ ತೋರಿಸಿದವನು ನಾನಲ್ಲ, ಅಲ್ಲಿಯ ಒಬ್ಬ ವಯಸ್ಸಾದ ಗುಮಾಸ್ತ. “ಬೀದಿಯ ಜಾಗವನ್ನು ಕೇಳುವುದರಿಂದಲ್ಲವೆ ಈ ತಂಟೆ? ಖಾಸಗಿ ಜಾಗ ಹುಡುಕು. ಮಾಲಿಕನ ಒಪ್ಪಿಗೆ ಪತ್ರ ತಾ. ಆ ವಿಳಾಸಕ್ಕೆ ಉದ್ಯಮ ಪರವಾನಗಿ ಕೇಳು” ಎಂದನಂತೆ. ಕಾಲೇಜಿಗೆ ಎರಡು ಫರ್ಲಾಂಗು ದೂರದಲ್ಲಿ ಮುಚ್ಚಿಹೋದ ಒಂದು ಅಕ್ಕಿ ಗಿರಣಿ ಇತ್ತು. ಅದರ ಅಂಗಳ ಬಾಡಿಗೆಗೆ ದೊರೆಯಿತು. ಛಾಪಾ ಕಾಗದದ ಮೇಲೆ ಒಪ್ಪಂದವಾಯಿತು. ಆರೋಗ್ಯ ನಿರೀಕ್ಷಕರು ಬಂದು ನೋಡಿದರು. ಬೆಂಕಿಯಾರಿಸುವ ಉಪಕರಣ ಬಂದು ಬಾಗಿಲ ಪಕ್ಕದಲ್ಲಿ ನಿಂತಿತು. ೨೦೧೯ರ ಸಂಕ್ರಾಂತಿ ಕಳೆದ ಮೇಲೆ ಒಲೆ ಹೊತ್ತಿತು.

ಆ ಮುದಿ ಗುಮಾಸ್ತನಿಂದ ಇನ್ನೂ ಒಂದು ಉಪಕಾರವಾಯಿತು. ಬೀದಿ ವ್ಯಾಪಾರಿಗಳ ಸಮೀಕ್ಷೆ ಆಗ ನಮ್ಮ ಊರಿನಲ್ಲಿ ನಡೆಯುತ್ತಿತ್ತು. “ನಿನ್ನ ಗಾಡಿಗೆ ಅದು ಹೊಂದದೆ ಹೋಗಬಹುದು. ನಿನ್ನ ಅಪ್ಪನ ಗಾಡಿಗೆ ಹೊಂದುತ್ತದಲ್ಲ, ಅವನ ಹೆಸರು ಬರೆಸಿದೆಯಾ?” ಎಂದು ಕೇಳಿದನಂತೆ. ಮಗ ಮನೆಗೆ ಓಡಿದ. ತಂದೆಗೆ ಮೊದಲು ಸಮ್ಮತಿಯಿರಲಿಲ್ಲ. ಹೆಸರು ಬರೆದುಕೊಳ್ಳುವವರನ್ನು ಕಂಡರೆ ಅವನಿಗೆ ಮೂವತ್ತು ವರ್ಷದ ಅಂಜಿಕೆ. ಕೊನೆಗೆ ಭಾವಚಿತ್ರ ತೆಗೆಸಿಕೊಂಡ. ಕೆಲವು ತಿಂಗಳ ನಂತರ ಗುರುತಿನ ಚೀಟಿ ಬಂತು.

೨೦೨೦ರ ಮಾರ್ಚಿಯಲ್ಲಿ ಲೋಕಕ್ಕೇ ಬೀಗ ಬಿದ್ದಾಗ ತಂದೆಯ ಗಾಡಿಯೂ ನಿಂತಿತು, ಮಗನ ಗಾಡಿಯೂ ನಿಂತಿತು. ಆ ವರ್ಷದ ಜೂನ್ ತಿಂಗಳಿನಲ್ಲಿ ಕೇಂದ್ರ ಸರ್ಕಾರವು ಬೀದಿ ವ್ಯಾಪಾರಿಗಳಿಗೆ ೧೦,೦೦೦ ರೂಪಾಯಿಯವರೆಗೆ ಸಾಲ ಕೊಡುವ ಸ್ವನಿಧಿ ಯೋಜನೆಯನ್ನು ಪ್ರಾರಂಭಿಸಿತು. ಅದಕ್ಕೆ ಆಧಾರವಾಗಿ ಕೇಳಿದ್ದು ಆ ಗುರುತಿನ ಚೀಟಿಯನ್ನೇ. ಮೋಟಾರಿನ ಮಗನಿಗೆ ಸಿಕ್ಕದ ಹಣ ಕಡಲೆಕಾಯಿಯ ತಂದೆಗೆ ಸಿಕ್ಕಿತು. ಆ ಹಣದಲ್ಲಿ ಮಗನ ಗಾಡಿಗೆ ಅಕ್ಕಿಯೂ ಅನಿಲವೂ ಬಂದು ಒಲೆ ಮತ್ತೆ ಹೊತ್ತಿತು.

ಈ ಉದ್ಯೋಗಕ್ಕೆ ಹೊರಡುವ ತರುಣರು ಯಾರಾದರೂ ಇದನ್ನು ಓದುತ್ತಿದ್ದರೆ ಅವರಿಗೆ ನನ್ನ ಅರಿಕೆ ಇಷ್ಟು. ನಾನು ಹೇಳಿದ ಅಂಕಿಗಳು ಅಂದಿನವು. ಶುಲ್ಕವೂ ಮೇರೆಯೂ ಬದಲಾಗತಕ್ಕವು, ಕಚೇರಿಯಲ್ಲಿಯೇ ಕೇಳಿ ತಿಳಿಯಬೇಕು. ಬದಲಾಗದಿರುವುದು ಅನುಕ್ರಮ. ಗಾಡಿಯನ್ನು ಕೊಳ್ಳುವ ಮೊದಲೇ ನಿಲ್ಲುವ ಜಾಗವನ್ನು ಗೊತ್ತುಮಾಡಿಕೊಳ್ಳಿ, ತಗಡಿಗೆ ಬೆಸುಗೆ ಬೀಳುವ ಮೊದಲು ನಕ್ಷೆಯನ್ನು ಸಾರಿಗೆ ಕಚೇರಿಗೆ ತೋರಿಸಿ, ವಿಮೆಯವರಿಗೆ ತಿಳಿಸಿ, ಆಮೇಲೆ ಆಹಾರದ ನೋಂದಣಿ, ಉದ್ಯಮದ ಪರವಾನಗಿ. ಪ್ರತಿಯೊಂದು ಕಾಗದಕ್ಕೂ ಎರಡು ನಕಲು ಇರಲಿ. ಅರ್ಜಿಯನ್ನು ಕನ್ನಡದ ಅಧ್ಯಾಪಕರಿಂದ ಬರೆಸಬೇಡಿ.

ತಿಂಗಳಲ್ಲಿ ನಾಲ್ಕೈದು ಸಲ ನಾನು ಆ ಗಿರಣಿಯ ಅಂಗಳಕ್ಕೆ ಹೋಗುತ್ತೇನೆ. ಹಣ ಬೇಡವೆಂದು ಅವನು ಹೇಳುತ್ತಾನೆ, ಕೊಟ್ಟೇ ಬರುತ್ತೇನೆ. ಹೋದ ವರ್ಷ ಒಂದು ಮಳೆಯ ಸಂಜೆ ಬೇರೆ ಗಿರಾಕಿಗಳಿರಲಿಲ್ಲ. ರೊಟ್ಟಿ ತಟ್ಟುತ್ತಿದ್ದವನಿಗೆ, “ಮೊದಲು ಕಟ್ಟಿಬಿಡು ಎಂದವನು ನಾನೆಂದು ಅಂದು ಆ ಅಧಿಕಾರಿಗೆ ಹೇಳಬೇಕಿತ್ತು” ಎಂದೆ. ಅವನು ತಲೆ ಎತ್ತದೆ, “ಹೇಳಿದ್ದರೆ ಜಗಲಿ ಉಳಿಯುತ್ತಿತ್ತೇ ಸಾರ್?” ಎಂದು ಕೇಳಿ, ಇನ್ನೊಂದು ರೊಟ್ಟಿಯನ್ನು ನನ್ನ ತಟ್ಟೆಗೆ ಹಾಕಿದ.

ತಂದೆ ಈಗ ದುಡಿಯುವುದು ಕಡಿಮೆ. ಸಂಜೆಯ ಹೊತ್ತು ಕೆಂಪು ಗಾಡಿಯ ಪಕ್ಕದಲ್ಲಿ ತನ್ನ ಕಡಲೆಕಾಯಿಯ ಗಾಡಿಯನ್ನು ನಿಲ್ಲಿಸಿಕೊಂಡು ಕೂತಿರುತ್ತಾನೆ. ಕೊರಳಲ್ಲಿ ಪ್ಲಾಸ್ಟಿಕ್ ಹೊದಿಕೆಯ ಗುರುತಿನ ಚೀಟಿ. ನಗರಸಭೆಯ ವಾಹನ ಆ ಬೀದಿಯಲ್ಲಿ ಹಾದುಹೋಗುವಾಗ ಅವನ ಬಲಗೈ ತಾನಾಗಿ ಗಾಡಿಯ ಹಿಡಿಯನ್ನು ಹುಡುಕುವುದನ್ನು ನಾನು ಹಲವು ಸಲ ನೋಡಿದ್ದೇನೆ. ವಾಹನ ದಾಟುತ್ತದೆ. ಕೈ ಮತ್ತೆ ಬಾಣಲೆಯ ಸೌಟಿಗೆ ಬರುತ್ತದೆ.